ಕಡಿಮೆ ದುಡ್ಡಿನ ದೊಡ್ಡ ಟೆಂಟು: ಕಡಲತಡಿಗೆ ಯಾವುದು, ಘಟ್ಟದ ಮೇಲೆ ಯಾವುದು

ಆನ್‌ಲೈನಿನಲ್ಲಿ ಎರಡು-ಮೂರು ಸಾವಿರಕ್ಕೆ ‘ಆರು ಜನರ ಟೆಂಟು’ ಎಂದು ಸಿಗುವುದರ ಅಳತೆ ಸಾಮಾನ್ಯವಾಗಿ 220×250 ಸೆಂ.ಮೀ., ನಡುವಿನ ಎತ್ತರ 150. ಆ 250ನ್ನು ಆರರಿಂದ ಭಾಗಿಸಿದರೆ ಒಬ್ಬರಿಗೆ 42 ಸೆಂ.ಮೀ. ಅಗಲ ಬರುತ್ತದೆ. ಸಾಧಾರಣ ಫೋಮ್ ಚಾಪೆಯೇ 50ರಿಂದ 60 ಸೆಂ.ಮೀ. ಅಗಲ ಇರುತ್ತದೆ. ಅಂದರೆ ನಾಲ್ಕು ಜನ ಮಲಗಬಹುದು, ಬ್ಯಾಗುಗಳಿಗೆ ಜಾಗ ಇಲ್ಲ. ಉದ್ದದ ಲೆಕ್ಕದಲ್ಲೂ ಮೋಸ ಹೋಗುವುದು ಸುಲಭ. ಈ ಟೆಂಟುಗಳು ಗುಮ್ಮಟದ ಆಕಾರದವು, ಗೋಡೆ ನೆಲದಿಂದಲೇ ಒಳಕ್ಕೆ ಬಾಗುವುದರಿಂದ 220ರಲ್ಲಿ ನಿಜಕ್ಕೂ ಮಲಗಲು ಸಿಗುವುದು ಇನ್ನೂರರ ಆಸುಪಾಸು. ಐದೂಮುಕ್ಕಾಲು ಅಡಿ ಎತ್ತರದವರು ತಲೆದಿಂಬು ಇಟ್ಟು ಮಲಗಿದರೆ ಕಾಲು ಗೋಡೆಗೆ ತಾಗುತ್ತದೆ. ಬೆಳಗಿನ ಜಾವ ಆ ಗೋಡೆ ಒದ್ದೆಯಾಗಿರುತ್ತದೆ.

ಆದ್ದರಿಂದ ಪೆಟ್ಟಿಗೆಯ ಮೇಲಿನ ಸಂಖ್ಯೆಯಿಂದ ಎರಡು ಕಳೆಯಿರಿ. ಅಪ್ಪ, ಅಮ್ಮ, ಇಬ್ಬರು ಮಕ್ಕಳಿಗೆ ಮಲಗುವ ಜಾಗವೇ 240×210 ಬೇಕು, ಸಾಮಾನು ಇಡಲು ಬೇರೆ ಮೂಲೆ ಬೇಕು. ಅಂಗಡಿಯವರು ಹೇಳುವ ಒಟ್ಟು ಅಳತೆಯಲ್ಲಿ ಬಾಗಿಲ ಮುಂದಿನ ಚಾವಡಿಯೂ ಸೇರಿರಬಹುದು. ಒಳಕೋಣೆಯ ಅಳತೆ ಎಷ್ಟು ಎಂದೇ ಕೇಳಿ.

ದುಡ್ಡಿಗಿಂತ ಮೊದಲು ನೋಡಬೇಕಾದದ್ದು ಪದರ. ಅಗ್ಗದ ಟೆಂಟುಗಳಲ್ಲಿ ಹೆಚ್ಚಿನವು ಒಂದೇ ಪದರದವು. ಗೋಡೆಗೆ ಪಾಲಿಯೆಸ್ಟರ್, ನೆತ್ತಿಯ ಮೇಲೆ ಟೊಪ್ಪಿಯಷ್ಟು ಅಗಲದ ಒಂದು ಹೊದಿಕೆ, ಅಷ್ಟೇ. ನಾಲ್ಕು ಜನ ಒಂದು ರಾತ್ರಿ ಉಸಿರಿನಲ್ಲಿ, ಬೆವರಿನಲ್ಲಿ ಹೊರಗೆ ಬಿಡುವ ನೀರು ಒಂದು ಲೀಟರಿಗೂ ಹೆಚ್ಚು. ಕರಾವಳಿಯ ಗಾಳಿಯಲ್ಲಿ ತೇವ ಮೊದಲೇ ತುಂಬಿರುತ್ತದೆ, ಹೀಗಾಗಿ ಈ ನೀರು ಆರುವುದಿಲ್ಲ. ಹೊರಗಿನ ಇಬ್ಬನಿಗೆ ತಣ್ಣಗಾದ ಬಟ್ಟೆಯ ಒಳಮೈಗೆ ಹನಿಗಟ್ಟಿ, ಯಾರಾದರೂ ಮಗ್ಗುಲು ಬದಲಿಸಿದೊಡನೆ ಮಲಗಿದವರ ಮೇಲೆ ಉದುರುತ್ತದೆ. ‘ಟೆಂಟು ಸೋರುತ್ತದೆ’ ಎಂದು ವಾಪಸು ಕಳಿಸುವವರಲ್ಲಿ ಬಹಳ ಜನರ ತೊಂದರೆ ಇದೇ. ಮಳೆಯೇ ಬಂದಿರುವುದಿಲ್ಲ. ಡಿಸೆಂಬರಿನಲ್ಲಿ ನಮ್ಮ ಉತ್ತರ ಕನ್ನಡದ ಶಿರಸಿ, ಸಿದ್ದಾಪುರ ಕಡೆಯ ತೋಟದ ಬದಿಯಲ್ಲಿ ಹಾಕಿದರೆ ಇದು ಇನ್ನೂ ಜೋರು, ಕಣಿವೆಯ ತಳದಲ್ಲಿ ಹಳ್ಳದ ಪಕ್ಕ ಹಾಕಿದರಂತೂ ಕೇಳುವುದೇ ಬೇಡ. ಅದೇ ಟೆಂಟನ್ನು ಹತ್ತು ಮಾರು ಮೇಲೆ, ದಿಬ್ಬದಲ್ಲಿ ಹಾಕಿದರೆ ಅರ್ಧ ತೊಂದರೆ ಕಡಿಮೆ.

ಇದಕ್ಕೆ ಮದ್ದು ಎರಡು ಪದರ. ಒಳಗೆ ಜಾಲರಿ ಇರುವ ಕೋಣೆ, ಹೊರಗೆ ನೆಲದಿಂದ ನಾಲ್ಕು ಬೆರಳು ಎತ್ತರದವರೆಗೂ ಇಳಿಯುವ ಪೂರ್ತಿ ಹೊದಿಕೆ, ನಡುವೆ ಅಂಗೈ ಅಗಲದಷ್ಟು ಸಂದು. ಹನಿ ಹೊರಪದರದಲ್ಲೇ ಕಟ್ಟಿ ಜಾರಿ ಇಳಿಯುತ್ತದೆ. ಡೆಕಾಥ್ಲಾನಿನ ಕ್ವೆಚುವಾ ಎಂಎಚ್100 ಈ ಜಾತಿಯ ಗುಮ್ಮಟ. ಒಳಕೋಣೆ ಮೊದಲು ನಿಲ್ಲುತ್ತದೆ, ಹೊದಿಕೆ ಆಮೇಲೆ. ಮಳೆ ಹನಿಯುವಾಗ ಈ ಕ್ರಮ ತೊಡಕು, ಒಳಕೋಣೆ ಮೊದಲು ನೆನೆಯುತ್ತದೆ. ಹಾಗಾಗಿ ಮೊದಲು ಮರದಿಂದ ಮರಕ್ಕೆ ತಾಡಪತ್ರೆ ಕಟ್ಟಿ ಅದರಡಿ ಟೆಂಟು ಎಬ್ಬಿಸುವುದು ಒಳ್ಳೆಯದು. ಅಡಿಕೆ ಒಣಗಿಸುವವರ ಮನೆಯಲ್ಲಿ ತಾಡಪತ್ರೆಗೆ ಬರ ಇಲ್ಲ, 12×15 ಅಡಿಯದು ಸಾಕು.

ದೊಡ್ಡ ಕುಟುಂಬದವರು ಕಣ್ಣಿಡುವ ಇನ್ನೊಂದು ಅದೇ ಕಂಪನಿಯ ಆರ್ಪೆನಾಜ್ 4.1. ಹಿಂದೆ ಮಲಗುವ ಕೋಣೆ, ಮುಂದೆ ನಿಂತು ಬಟ್ಟೆ ಬದಲಿಸುವಷ್ಟು ಎತ್ತರದ ಚಾವಡಿ. ಜಾಗದ ವಿಚಾರದಲ್ಲಿ ಈ ಬಗೆಯನ್ನು ಮೀರಿಸುವುದು ಕಷ್ಟ. ಆದರೆ ಇದು ಸುರಂಗದ ಆಕಾರ, ಗೂಟ ಬಿಗಿಯದೆ ತಾನಾಗಿ ನಿಲ್ಲುವುದಿಲ್ಲ. ಬೈಕಿನವರಿಗೆ ಆಗದ ಭಾರ, ಕಾರಿದ್ದವರಿಗೆ ಮಾತ್ರ. ಯಲ್ಲಾಪುರದ ಹೋಂಸ್ಟೇಯ ಅಂಗಳದಲ್ಲಿ, ಶಿರಸಿಯ ಬೇಣದಲ್ಲಿ (ಹುಲ್ಲುಗಾವಲಿನಲ್ಲಿ) ಗೂಟ ಹಿಡಿಯುವುದರಿಂದ ಅಲ್ಲಿಗೆ ಇದು ಸೊಗಸು. ಗೋಕರ್ಣದ ಮರಳಿಗೆ ಇದನ್ನು ಒಯ್ಯುವವರು ಗೂಟದ ಏರ್ಪಾಡು ಮೊದಲೇ ಮಾಡಿಕೊಳ್ಳಬೇಕು. ಎತ್ತರದ ಪಕ್ಕೆಗೆ ಸಂಜೆಯ ಕಡಲಗಾಳಿ ಹೊಡೆದರೆ ಇಡೀ ಟೆಂಟೇ ಮಲಗುತ್ತದೆ. ಬೆನ್ನನ್ನು ಗಾಳಿಗೆ ಕೊಡಿ, ಪಕ್ಕೆಯನ್ನಲ್ಲ. ಹಗಲು ಕಡಲಿಂದ ಬೀಸಿದ ಗಾಳಿ ರಾತ್ರಿ ನೆಲದ ಕಡೆಯಿಂದ ಮೆಲ್ಲಗೆ ತಿರುಗುತ್ತದೆ, ಹಾಗಾಗಿ ಪಡುವಣ ದಿಕ್ಕಿನ ಹಗ್ಗ ಮಾತ್ರ ಬಿಗಿದು ಮಲಗಬೇಡಿ.

ಒಮ್ಮೆ ಬಿಸುಟರೆ ಬಿಚ್ಚಿಕೊಳ್ಳುವ ಪಾಪ್-ಅಪ್ ಟೆಂಟುಗಳ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಮಡಚುವುದು ಕಷ್ಟ, ಕಂಬಿ ಮುರಿದರೆ ರಿಪೇರಿ ಇಲ್ಲ, ಮಡಚಿದ ಚಕ್ರ ಡಿಕ್ಕಿಯಲ್ಲಿ ಅಡ್ಡ. ಹಗಲಿನ ನೆರಳಿಗೆ ಸರಿ.

ನೀರು ತಡೆಯುವ ಅಂಕಿ, ಅಂದರೆ ಬಟ್ಟೆ ಸೋರದೆ ಎಷ್ಟು ಎತ್ತರದ ನೀರಿನ ಒತ್ತಡ ತಾಳುತ್ತದೆ ಎಂಬ ಲೆಕ್ಕ, ನೋಡಿ ಮರುಳಾಗುವವರೇ ಜಾಸ್ತಿ. ಮೇಲ್ಹೊದಿಕೆಗೆ 1500 ಮಿ.ಮೀ., ನೆಲಕ್ಕೆ 3000 ಮಿ.ಮೀ. ಇದ್ದರೆ ಅಕ್ಟೋಬರಿನ ಸಂಜೆಮಳೆಗೂ ಏಪ್ರಿಲ್‌ನ ಗುಡುಗುಮಳೆಗೂ ಸಾಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಇಲ್ಲಿಯ ಮಳೆಗೆ ಯಾವ ಅಂಕಿಯೂ ಸಾಲದು, ಆಗ ಮನೆಯಲ್ಲೇ ಇರಿ. ಅಂಕಿಗಿಂತ ಹೊಲಿಗೆ ಮುಖ್ಯ. ಹೊದಿಕೆಯನ್ನು ಒಳಮಗ್ಗುಲು ಮಾಡಿ ಬೆಳಕಿಗೆ ಹಿಡಿಯಿರಿ. ಹೊಲಿಗೆಯ ಮೇಲೆ ಬೆರಳಗಲದ ಹೊಳೆಯುವ ಪಟ್ಟಿ ಅಂಟಿಸಿರಬೇಕು, ಅದಿಲ್ಲದಿದ್ದರೆ ಸೂಜಿಯ ಒಂದೊಂದು ತೂತೂ ಸೋರುವ ಜಾಗ. ಕೊಂಡ ವಾರವೇ ಅಂಗಳದಲ್ಲಿ ಹಾಕಿ ತೋಟದ ಪೈಪಿನಿಂದ ಇಪ್ಪತ್ತು ನಿಮಿಷ ನೀರು ಬಿಡಿ, ಒಬ್ಬರು ಒಳಗೆ ಟಾರ್ಚ್ ಹಿಡಿದು ಮೂಲೆಗಳನ್ನು ನೋಡಲಿ. ವಾಪಸು ಮಾಡುವ ಗಡುವು ಮುಗಿಯುವ ಮೊದಲೇ ಇದು ಆಗಬೇಕು. ನೆಲದ ಬಟ್ಟೆ ಗೋಡೆಯ ಮೇಲೆ ಗೇಣುದ್ದವಾದರೂ ಏರಿರಲಿ. ಘಟ್ಟದ ಮೇಲೆ ಮಳೆಗಾಲ ಮುಗಿದ ಹೊಸತರಲ್ಲಿ ಉಂಬಳ (ರಕ್ತ ಹೀರುವ ಜಿಗಣೆ) ಇನ್ನೂ ಇರುತ್ತದೆ, ನೆಲಕ್ಕೂ ಗೋಡೆಗೂ ನಡುವೆ ಸಂದು ಇದ್ದರೆ ಅದಕ್ಕೆ ಅಷ್ಟೇ ಸಾಕು.

ಕೆಳಗೆ ಹಾಸುವ ಪ್ಲಾಸ್ಟಿಕ್ ಟೆಂಟಿಗಿಂತ ಸುತ್ತಲೂ ಎರಡು ಇಂಚು ಚಿಕ್ಕದಿರಬೇಕು. ಹೊರಗೆ ಚಾಚಿದರೆ ಹೊದಿಕೆಯಿಂದ ಇಳಿದ ನೀರೆಲ್ಲ ಅದರ ಮೇಲೆ ಹರಿದು ಬೆನ್ನಡಿಗೆ ಬರುತ್ತದೆ.

ಇನ್ನು ಗೂಟ. ಟೆಂಟಿನ ಜೊತೆ ಬರುವ ಗೇಣುದ್ದದ ತಂತಿ ಗೂಟ ನಮ್ಮ ಜಿಲ್ಲೆಯಲ್ಲಿ ಎಲ್ಲೂ ಉಪಯೋಗಕ್ಕಿಲ್ಲ. ಚಿರೇಕಲ್ಲಿನ (ಕೆಂಪು ಮುರಕಲ್ಲಿನ) ನೆಲದಲ್ಲಿ ಬಾಗುತ್ತದೆ, ಮರಳಿನಲ್ಲಿ ಕಿತ್ತು ಬರುತ್ತದೆ. ಚಿರೇಕಲ್ಲಿಗೆ ಹಾರ್ಡ್‌ವೇರ್ ಅಂಗಡಿಯಲ್ಲಿ 8 ಮಿ.ಮೀ. ಕಬ್ಬಿಣದ ಸರಳನ್ನು ಅಡಿ ಉದ್ದಕ್ಕೆ ಕತ್ತರಿಸಿ, ತುದಿ ಬಗ್ಗಿಸಿ ತನ್ನಿ. ಮರಳಿಗೆ ಬೇರೆಯೇ ಉಪಾಯ: ಐದು ಕೆ.ಜಿ. ಅಕ್ಕಿ ಚೀಲಕ್ಕೆ ಮರಳು ತುಂಬಿ, ಕುತ್ತಿಗೆಗೆ ಹಗ್ಗ ಕಟ್ಟಿ, ಒಂದೂವರೆ ಅಡಿ ಆಳದಲ್ಲಿ ಅಡ್ಡ ಹೂತು ಮೇಲೆ ತುಳಿಯಬೇಕು. ಹಗ್ಗ ನೆಲದಿಂದ ಓರೆಯಾಗಿ ಹೊರಡಲಿ, ನೆಟ್ಟಗೆ ಮೇಲಕ್ಕೆ ಎಳೆದರೆ ಚೀಲವೂ ಎದ್ದು ಬರುತ್ತದೆ. ಗುಮ್ಮಟಕ್ಕೆ ಆರು, ಸುರಂಗಕ್ಕೆ ಎಂಟು ಚೀಲ ಬೇಕು. ಖಾಲಿ ಚೀಲಕ್ಕೆ ತೂಕವೂ ಇಲ್ಲ, ಖರ್ಚೂ ಇಲ್ಲ.

ಕಂಬಿಗಳು ಈ ಬೆಲೆಯಲ್ಲಿ ಫೈಬರ್‌ಗ್ಲಾಸಿನವೇ. ನಾಲ್ಕು ಜನರದಕ್ಕೆ 8.5 ಮಿ.ಮೀ. ದಪ್ಪ ನಡೆಯುತ್ತದೆ, ಅದಕ್ಕಿಂತ ದೊಡ್ಡದಕ್ಕೆ 9.5 ಅಥವಾ 11 ಬೇಕು. ಅಗ್ಗದ ದೊಡ್ಡ ಟೆಂಟುಗಳು ಸಣ್ಣ ಟೆಂಟಿನ ಕಂಬಿಯನ್ನೇ ಉದ್ದ ಮಾಡಿ ಕೊಡುತ್ತವೆ, ಗಾಳಿಗೆ ಬಳುಕಿ ಮುಖಕ್ಕೆ ಬರುವುದು ಅದಕ್ಕೇ. ಮುರಿಯುವುದು ಯಾವಾಗಲೂ ಜೋಡಣೆಯ ಕೊಳವೆಯ ಬಾಯಲ್ಲಿ. ತುಂಡು ಪೂರ್ತಿ ಒಳಗೆ ಕೂರದೆ ಬಗ್ಗಿಸಿದರೆ ಅಂಚು ಸೀಳುತ್ತದೆ. ಸೀಳಿದ್ದನ್ನು ಬರಿಗೈಯಲ್ಲಿ ಸವರಬೇಡಿ, ಸಿಬರು ಕಣ್ಣಿಗೆ ಕಾಣದಷ್ಟು ಸಣ್ಣದು. ಅರ್ಧ ಅಡಿ ಉದ್ದದ ಲೋಹದ ಕೊಳವೆಯೊಂದನ್ನು ಜೊತೆಗೆ ಇಟ್ಟುಕೊಂಡರೆ ಮುರಿದ ಜಾಗಕ್ಕೆ ತೂರಿಸಿ ಟೇಪು ಸುತ್ತಿ ರಾತ್ರಿ ಕಳೆಯಬಹುದು.

ಜಾಗದ ಮಾತು. ತೆಂಗಿನ ಮರದಡಿ ಬೇಡವೇ ಬೇಡ. ಕಾಯಿ ಬೀಳದಿದ್ದರೂ ಒಣ ಮಡಲು ಬೀಳುತ್ತದೆ, ಕಂಬಿ ಮುರಿಯಲು ಒಂದು ಸಾಕು. ಗಾಳಿಮರದ ತೋಪು ಒಳ್ಳೆಯದು, ಆದರೆ ಚಗಳಿಯ (ಕಚ್ಚುವ ಕೆಂಪಿರುವೆಯ) ಗೂಡಿದೆಯೇ ಎಂದು ಕೊಂಬೆ ನೋಡಿ. ಕಡಲ ಬದಿಯಲ್ಲಿ ಒಣ ಕಸದ ಸಾಲು ಎಲ್ಲಿದೆಯೋ ಭರತಿ ಅಲ್ಲಿಯವರೆಗೆ ಬಂದಿತ್ತು ಎಂದರ್ಥ, ಹುಣ್ಣಿಮೆ-ಅಮಾವಾಸ್ಯೆಗೆ ಅದನ್ನೂ ದಾಟಬಹುದು. ಚಳಿಗಾಲದಲ್ಲಿ ಕಡಲಾಮೆಗಳು ಮೊಟ್ಟೆ ಇಡಲು ಇದೇ ದಂಡೆಗೆ ಬರುವುದರಿಂದ ರಾತ್ರಿ ದೊಡ್ಡ ದೀಪ ಹಚ್ಚಬೇಡಿ. ಕಾಳಿ ಹುಲಿ ಸಂರಕ್ಷಿತ ಪ್ರದೇಶದಲ್ಲಾಗಲಿ ಮೀಸಲು ಅರಣ್ಯದಲ್ಲಾಗಲಿ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಟೆಂಟು ಹಾಕುವಂತಿಲ್ಲ.

ಟೆಂಟು ಹಾಳಾಗುವುದು ಬಳಸುವಾಗಲ್ಲ, ಮನೆಯಲ್ಲಿ. ಉಪ್ಪಿನ ಗಾಳಿ ಕುಡಿದ ಜಿಪ್ಪನ್ನು ಸಿಹಿನೀರಲ್ಲಿ ತೊಳೆಯದಿದ್ದರೆ ಓಡಿಸುವ ಬಿಲ್ಲೆ ಹಸಿರುಗಟ್ಟುತ್ತದೆ. ಮರಳು ಸೇರಿದರೆ ಸವೆದು, ಮುಚ್ಚಿದ ಮೇಲೂ ಹಿಂದಿನಿಂದ ಬಾಯಿ ಬಿಡುತ್ತದೆ. ಆಗ ಇಕ್ಕಳದಲ್ಲಿ ಬಿಲ್ಲೆಯ ಎರಡೂ ಬದಿಯನ್ನು ಹಗುರಾಗಿ ಒತ್ತಿದರೆ ಇನ್ನಷ್ಟು ದಿನ ಬಾಳುತ್ತದೆ. ಕಂಬಿಯ ಕಬ್ಬಿಣದ ಕೊಳವೆಗಳನ್ನೂ ಒರೆಸಿ, ತುಕ್ಕು ಹಿಡಿದರೆ ತುಂಡುಗಳು ಬಿಡಿಸಲಾಗದಂತೆ ಕಚ್ಚಿಕೊಳ್ಳುತ್ತವೆ. ಭಾನುವಾರ ಸಂಜೆ ಒದ್ದೆಯಾಗಿಯೇ ಸುತ್ತಿ ತಂದಿದ್ದರೆ ಅಂದೇ ರಾತ್ರಿ ಹಜಾರದಲ್ಲಾದರೂ ಹರಡಿ. ತೇವದಲ್ಲಿ ಬಿಗಿಯಾಗಿ ಮಡಚಿಟ್ಟ ಬಟ್ಟೆಯ ಒಳಲೇಪನ ಕರಗತೊಡಗುತ್ತದೆ, ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಹುಳಿ ವಾಸನೆ ಬಂದು ಪದರಗಳು ಒಂದಕ್ಕೊಂದು ಅಂಟುತ್ತವೆ. ಇದಕ್ಕೆ ರಿಪೇರಿ ಇಲ್ಲ. ಕಂಪನಿಯ ಬಿಗಿ ಚೀಲ ಬಿಟ್ಟು, ಸಡಿಲವಾದ ಹತ್ತಿಬಟ್ಟೆಯ ಚೀಲದಲ್ಲಿ ತುಂಬಿ ಇಲಿ ಬಾರದ ಕಡೆ ಇಡಿ.

ಸೆಕೆಂಡ್‌ಹ್ಯಾಂಡ್ ನೋಡುವವರಿಗೂ ಪರೀಕ್ಷೆ ಇದೇ. ಬಿಡಿಸಿ ಮೂಸಿ ನೋಡಿ, ಹೊದಿಕೆಯ ಒಳಮೈಯನ್ನು ಹೆಬ್ಬೆರಳಿಂದ ಒತ್ತಿ. ಬೆರಳಿಗೆ ಅಂಟಿದರೆ ಐನೂರು ರೂಪಾಯಿಗೂ ಬೇಡ.