ತ್ರಿಕೋನವೋ, ಏಕಮಾನವೋ? ಒಂದು ಕೆಜಿ ಜೇನಿನ ಲೆಕ್ಕ

ಕಳೆದ ತಿಂಗಳು ತೀರ್ಥಹಳ್ಳಿ ಕಡೆ ಜೇನು ಸಾಕುವವರೊಬ್ಬರ ಮನೆಗೆ ಒಂದು ಲೀಟರಿನ ಖಾಲಿ ಬಾಟಲಿ ಹಿಡಿದು ಹೋಗಿ, ಒಂದು ಕೆಜಿ ಜೇನುತುಪ್ಪ ತಂದೆ. ಮನೆಗೆ ಬಂದು ನೋಡಿದರೆ ಬಾಟಲಿ ಮುಕ್ಕಾಲೂ ತುಂಬಿಲ್ಲ. ಫೋನ್ ಮಾಡಿ ದಬಾಯಿಸಿಯೇಬಿಟ್ಟೆ. ಪಾಪ, ಅವರು "ತೂಗಿ ನೋಡಿ ಮಾರಾಯ್ರೇ" ಅಂತ ಅಷ್ಟೇ ಹೇಳಿ ಫೋನ್ ಇಟ್ಟರು. ತೂಗಿದೆ. ಬಾಟಲಿ ತೂಕ ಕಳೆದರೆ ಸರಿಯಾಗಿ ಒಂದು ಕೆಜಿ.

ಅದೇ ವಾರ 9ನೇ ಕ್ಲಾಸಿನ ಮಗಳು ಸಾಂದ್ರತೆಯ ಲೆಕ್ಕಗಳ ಜೊತೆ ಗುದ್ದಾಡುತ್ತಿದ್ದಳು. ಸರಿ, ಜೇನನ್ನೇ ಲೆಕ್ಕ ಮಾಡಿದೆವು. ಜೇನಿನ ಸಾಂದ್ರತೆ ಮಿಲಿಲೀಟರಿಗೆ ಸುಮಾರು 1.4 ಗ್ರಾಂ. ಹಾಗಾದರೆ ಒಂದು ಕೆಜಿಯ ಗಾತ್ರ ಎಷ್ಟು?

ಅವಳ ಹತ್ತಿರ ಶಿವಮೊಗ್ಗದ ದುರ್ಗಿಗುಡಿಯಲ್ಲಿ 60 ರೂಪಾಯಿ ಕೊಟ್ಟು ತಂದ ಬಣ್ಣಬಣ್ಣದ ಚಾರ್ಟ್ ಇತ್ತು. ಅದರಲ್ಲೊಂದು ತ್ರಿಕೋನ: ಮೇಲೆ ದ್ರವ್ಯರಾಶಿ, ಕೆಳಗೆ ಸಾಂದ್ರತೆ, ಗಾತ್ರ. ಬೇಕಾದ್ದನ್ನು ಬೆರಳಲ್ಲಿ ಮುಚ್ಚಿದರೆ ಉಳಿದದ್ದೇ ಸೂತ್ರ. ಗಾತ್ರ ಮುಚ್ಚಿದಳು, ದ್ರವ್ಯರಾಶಿ ಭಾಗಿಸು ಸಾಂದ್ರತೆ. ಬೇಗ ಆಗುತ್ತದೆ, ಸುಳ್ಳು ಹೇಳಬಾರದು.

ಆದರೆ ಅವಳು ಸಾಂದ್ರತೆ ತೆಗೆದುಕೊಂಡದ್ದು ಚಾರ್ಟಿನ ಪಟ್ಟಿಯಿಂದ. ಅಲ್ಲಿ 1400 ಅಂತಿತ್ತು, ಅಂದರೆ ಘನ ಮೀಟರಿಗೆ 1400 ಕಿಲೋಗ್ರಾಂ. ಜೇನನ್ನು ಮಾತ್ರ ಗ್ರಾಂನಲ್ಲಿ ಬರೆದಳು: 1000 ಭಾಗಿಸು 1400, ಉತ್ತರ 0.71. ಏನು 0.71? "ಘನ ಮೀಟರ್ ಅಪ್ಪ" ಅಂದಳು, ಒಂಚೂರೂ ಅನುಮಾನವಿಲ್ಲದೆ. 0.71 ಘನ ಮೀಟರ್ ಅಂದರೆ 710 ಲೀಟರ್. 200 ಲೀಟರಿನ ಡ್ರಮ್ಮು ಮೂರೂವರೆ ಬೇಕು, ಒಂದು ಕೆಜಿ ಜೇನಿಗೆ! ತ್ರಿಕೋನ ತುಟಿ ಬಿಚ್ಚಲಿಲ್ಲ.

ತಿದ್ದಲು ಹೋದರೆ ಇನ್ನೊಂದು ಗುಂಡಿ. ಒಂದು ಮೀಟರಿಗೆ 100 ಸೆಂಟಿಮೀಟರ್, ಆದ್ದರಿಂದ ಒಂದು ಘನ ಮೀಟರಿಗೆ 100 ಘನ ಸೆಂಟಿಮೀಟರ್ ಅಂದುಕೊಂಡಳು. ಉದ್ದ, ಅಗಲ, ಎತ್ತರ ಮೂರಕ್ಕೂ 100 ಅಲ್ವಾ? ಗುಣಿಸಿದರೆ 10 ಲಕ್ಷ. ಇದನ್ನು ಅರ್ಥ ಮಾಡಿಸುವಷ್ಟರಲ್ಲಿ ಎರಡು ಸಲ ಕರೆಂಟ್ ಹೋಗಿ ಬಂತು.

ನನಗೆ ಮೊದಲಿಂದ ಇಷ್ಟ ಏಕಮಾನ ಬರೆದುಕೊಂಡು ಹೋಗುವ ದಾರಿ. ಜಾಸ್ತಿ ಬರೆಯಬೇಕು, ನಿಜ.

1000 ಗ್ರಾಂ × (1 ಮಿ.ಲೀ. / 1.4 ಗ್ರಾಂ)

ಮೇಲಿನ ಗ್ರಾಂ, ಕೆಳಗಿನ ಗ್ರಾಂ ಹೊಡೆದುಹಾಕಿ. ಉಳಿಯುವುದು ಮಿಲಿಲೀಟರ್, ಉತ್ತರ ಸುಮಾರು 714. ಬಾಟಲಿ ಮುಕ್ಕಾಲು ತುಂಬದೇ ಇದ್ದದ್ದು ಇದಕ್ಕೇ. ತಪ್ಪಿ 1.4ರಿಂದ ಗುಣಿಸಿದ್ದರೆ ಗ್ರಾಂ ಹೋಗದೆ 'ಗ್ರಾಂ ಗ್ರಾಂ' ಅಂತ ಎರಡು ಸಲ ಕೂತಿರುತ್ತಿತ್ತು, ಅಲ್ಲೇ ಸಿಕ್ಕಿಬೀಳುತ್ತಿದ್ದೆವು. ತ್ರಿಕೋನದಲ್ಲಿ ಮೇಲೆ ಯಾವುದು ಅಂತ ಮರೆತರೆ ಮುಗೀತು. ಇಲ್ಲಿ 'ಮಿಲಿಲೀಟರಿಗೆ ಗ್ರಾಂ' ಅನ್ನುವ ಮಾತಲ್ಲೇ ಸೂತ್ರ ಇದೆ.

ಮೂರು ಸೂತ್ರ ಬಾಯಿಪಾಠ ಮಾಡುವ ದಾರಿಯನ್ನೂ ನೋಡಿದೆವು. ನನಗೇ ಎರಡು ದಿನಕ್ಕೆ ಮರೆತುಹೋಯಿತು.

ಫೋಟೋ ಹೊಡೆದರೆ ಉತ್ತರ ಕೊಡುವ ಆ್ಯಪ್? ನಮ್ಮ ಮನೆಯಲ್ಲಿ ಮಳೆ ಹಿಡಿದರೆ ನೆಟ್‌ವರ್ಕ್ ಸಿಗೋದು ಗೇಟಿನ ಹತ್ತಿರ, ಕೊಡೆ ಹಿಡಿದು.

ನಾಳೆಯೇ ಪರೀಕ್ಷೆ, ಎಲ್ಲವೂ ಗ್ರಾಂ ಮತ್ತು ಘನ ಸೆಂಟಿಮೀಟರಿನಲ್ಲೇ ಇದೆ ಅಂದರೆ ತ್ರಿಕೋನ ಸಾಕು. ಚಾರ್ಟಿಗೆ ದುಡ್ಡು ಕೊಡುವುದು ಬೇಡ, ಪೆನ್ಸಿಲಲ್ಲಿ ಗೀಚಿಕೊಳ್ಳಿ. ನಾನಂತೂ ಅಂಗಡಿ ಚೀಟಿಯಲ್ಲೂ ಏಕಮಾನ ಬರೆಯುವವನು. ರಫ್ ನೋಟ್‌ಬುಕ್ಕು, ಪೆನ್ನು ಇದ್ದರೆ ನನ್ನ ದಾರಿಗೆ ಬೇರೆ ಖರ್ಚೂ ಇಲ್ಲ.

ಮೊನ್ನೆ ಅದೇ ಜೇನಿನವರ ಮನೆಗೆ ಹೋಗಿ ಮೊದಲು ತಪ್ಪಾಯಿತು ಅಂದೆ. ಆಮೇಲೆ ಅದೇ ಲೀಟರ್ ಬಾಟಲಿ ಮುಂದಿಟ್ಟು "ಒಂದು ಕೆಜಿ ನಾನೂರು ಗ್ರಾಂ ಕೊಡಿ" ಅಂದೆ. ಇದೇನು ಲೆಕ್ಕ ಅನ್ನುವಂತೆ ನನ್ನ ಮುಖ ನೋಡಿದರು. ತೂಗಿ ಹುಯ್ದರು. ಕುತ್ತಿಗೆವರೆಗೆ ಬಂದು ನಿಂತಿತು.