ಕಾಲುವೆಯ ದೋಣಿಮನೆಗೆ ಯಾವ ಬೆಂಕಿ? ಇದ್ದಲ ಒಲೆ, ಡೀಸೆಲ್ ಹೀಟರ್, ಗ್ಯಾಸ್ ಬಾಯ್ಲರ್

ಇಂಗ್ಲೆಂಡಿನ ಕಾಲುವೆಯಲ್ಲಿ ದೋಣಿ ಕೊಂಡು ಅದರಲ್ಲೇ ಸಂಸಾರ ಮಾಡುತ್ತೇವೆ ಅಂದರೆ ನಮ್ಮವರು ಮೊದಲು ಕೇಳುವುದು ಶೌಚಾಲಯದ ವಿಷಯ, ಆಮೇಲೆ ಕಾಗದಪತ್ರ ಬರುವ ವಿಳಾಸದ ವಿಷಯ. ಎರಡಕ್ಕೂ ದಾರಿ ಇದೆ, ಸ್ವಲ್ಪ ದಿನಕ್ಕೆ ರೂಢಿಯಾಗುತ್ತದೆ. ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ದಿನಬೆಳಗಾದರೆ ಎದುರಿಗೆ ನಿಲ್ಲುವುದು ಚಳಿ. ದೋಣಿ ಕೊಳ್ಳುವ ಯೋಚನೆಯಲ್ಲಿರುವವರು ಅಡುಗೆಮನೆ, ಹಾಸಿಗೆ, ಹೊರಗಿನ ಬಣ್ಣ ಎಲ್ಲ ಆಮೇಲೆ ನೋಡಲಿ. ಒಳಗೆ ಬಿಸಿ ಎಲ್ಲಿಂದ ಬರುತ್ತದೆ, ಅದು ಬರಲು ಏನೇನು ಬೇಕು ಅನ್ನುವುದನ್ನು ಮೊದಲು ನೋಡಲಿ.

ಇಲ್ಲಿನ ಕಾಲುವೆ ದೋಣಿಗೆ ನ್ಯಾರೋಬೋಟ್ ಅನ್ನುತ್ತಾರೆ, ಅಂದರೆ ಉಕ್ಕಿನ ಉದ್ದನೆಯ ಕೊಳವೆಯೇ. ಅಗಲ 6 ಅಡಿ 10 ಅಂಗುಲ, ಯಾಕೆಂದರೆ ಹಳೆಯ ಲಾಕ್‌ಗಳ, ಅಂದರೆ ನೀರು ಏರಿಸಿ ಇಳಿಸಿ ದೋಣಿ ದಾಟಿಸುವ ಕಟ್ಟೆಗಳ, ಅಗಲ ಸುಮಾರು 7 ಅಡಿ. ನಮ್ಮದು 57 ಅಡಿ ಉದ್ದದ್ದು, ದೇಶದ ಕಾಲುವೆಗಳಲ್ಲಿ ಹೆಚ್ಚುಕಮ್ಮಿ ಎಲ್ಲ ಕಡೆ ಹೋಗಬಲ್ಲ ಅಳತೆ. ಗೋಡೆಯ ಕೆಳಭಾಗ ತಣ್ಣೀರಲ್ಲಿ, ಮೇಲ್ಭಾಗ ಗಾಳಿಗೆ. ಒಳಗೆ ನಿರೋಧಕ ಫೋಮ್ ಹಚ್ಚಿರುತ್ತಾರೆ, ಆದರೂ ಬೆಂಕಿ ಆರಿದ ಕೆಲವೇ ಗಂಟೆಗಳಲ್ಲಿ ಥಂಡಿ ಒಳಗೆ ಬಂದಾಗಿರುತ್ತದೆ. ಕಿಟಕಿಯ ಅಲ್ಯೂಮಿನಿಯಂ ಚೌಕಟ್ಟಿನಿಂದ ನೀರು ಇಳಿಯಲು ಶುರು.

ನಮಗೆ ಕಾಯಂ ತಂಗುದಾಣ ಇಲ್ಲ. 1995ರ ಬ್ರಿಟಿಷ್ ವಾಟರ್‌ವೇಸ್ ಕಾಯ್ದೆಯ ಪ್ರಕಾರ ಅಂಥವರು ಒಂದು ಜಾಗದಲ್ಲಿ 14 ದಿನಕ್ಕಿಂತ ಹೆಚ್ಚು ನಿಲ್ಲದೆ ಮುಂದೆ ಸಾಗುತ್ತಿರಬೇಕು. ನಾವು ಗ್ರ್ಯಾಂಡ್ ಯೂನಿಯನ್ ಕಾಲುವೆಯಲ್ಲಿ ಮಧ್ಯ ಇಂಗ್ಲೆಂಡಿನ ಬ್ರಾನ್‌ಸ್ಟನ್‌ನಿಂದ ಲಂಡನ್ ಕಡೆಗೆ, ಅಲ್ಲಿಂದ ಮತ್ತೆ ಮೇಲಕ್ಕೆ ಓಡಾಡಿಕೊಂಡಿರುತ್ತೇವೆ. ಹಾಗಾಗಿ ಕರೆಂಟ್ ಅಂದರೆ ಚಾವಣಿಯ ಸೋಲಾರ್ ಹಲಗೆ ಮತ್ತು ಎಂಜಿನ್ ತುಂಬಿಸಿಕೊಟ್ಟ ಬ್ಯಾಟರಿ, ಅಷ್ಟೇ. ಮುಂದಿನ ಹೋಲಿಕೆಯನ್ನೆಲ್ಲ ಈ ಮಾತು ನೆನಪಿಟ್ಟುಕೊಂಡು ಓದಿ. ಮರೀನಾದಲ್ಲಿ, ಅಂದರೆ ಬಾಡಿಗೆಗೆ ದೋಣಿ ಕಟ್ಟುವ ತಾಣದಲ್ಲಿ, ಪ್ಲಗ್ ಹಾಕಿಕೊಂಡು ಇರುವವರ ಲೆಕ್ಕವೇ ಬೇರೆ.

ಮೊದಲು ಇದ್ದಲ ಒಲೆ. ನಮ್ಮಲ್ಲಿರುವುದು ಮೋರ್ಸೋ ಸ್ಕ್ವಿರಲ್, ಡೆನ್ಮಾರ್ಕಿನ ಎರಕದ ಕಬ್ಬಿಣದ ಒಲೆ, ಪಕ್ಕದಲ್ಲಿ ಅಳಿಲಿನ ಉಬ್ಬುಚಿತ್ರ. ಈ ಕಾಲುವೆಗಳಲ್ಲಿ ಹತ್ತು ದೋಣಿಗೆ ಇಣುಕಿದರೆ ಕೆಲವು ಕಡೆಯಾದರೂ ಇದೇ ಅಳಿಲು ಸಿಗುತ್ತದೆ. ಒಲೆ ಸಣ್ಣದು, ಮೊಣಕಾಲೆತ್ತರಕ್ಕಿಂತ ಸ್ವಲ್ಪ ಮೇಲೆ, ಆದರೆ ಸರಿಯಾಗಿ ಉರಿದರೆ ಡಿಸೆಂಬರಿನಲ್ಲೂ ಅಂಗಿ ತೋಳು ಮಡಚಿ ಕೂರಬಹುದು. ಹಚ್ಚುವುದು ಹೀಗೆ: ಕೆಳಗೆ ಸಣ್ಣ ಚಕ್ಕೆ, ಮೇಲೆ ಎರಡು ಒಣ ಸೌದೆ, ಗಾಳಿಬಾಗಿಲು ಪೂರ್ತಿ ತೆರೆದು ಹತ್ತು ನಿಮಿಷ ಜೋರು ಉರಿ. ಸೌದೆ ಕೆಂಡವಾದ ಮೇಲೆ ಸ್ಮೋಕ್‌ಲೆಸ್, ಅಂದರೆ ಹೊಗೆ ಕಡಿಮೆ ಬರುವಂತೆ ತಯಾರಿಸಿದ, ಇದ್ದಲ ಉಂಡೆ ಆರೇಳು ಇಟ್ಟು, ಅವುಗಳ ಅಂಚು ಕೆಂಪೇರಿದಾಗ ಗಾಳಿ ಅರ್ಧ ಮುಚ್ಚಬೇಕು. ರಾತ್ರಿ ಮಲಗುವ ಮೊದಲು ಸರಳು ಅಲ್ಲಾಡಿಸಿ ಬೂದಿ ಉದುರಿಸಿ, ಒಲೆ ತುಂಬ ಇದ್ದಲು ಹೇರಿ, ಅದು ಹಿಡಿದುಕೊಂಡ ಮೇಲೆ ಗಾಳಿಯನ್ನು ಕೂದಲೆಳೆಯಷ್ಟು ಬಿಟ್ಟರೆ ಬೆಳಿಗ್ಗೆ ಏಳಕ್ಕೂ ಕೆಂಡ ಇರುತ್ತದೆ. ಆ ಕೂದಲೆಳೆಯ ಅಂದಾಜು ಪ್ರತಿ ಒಲೆಗೂ ಬೇರೆ, ಗಾಳಿ ಬೀಸುವ ರಾತ್ರಿಗೂ ಬೇರೆ. ಕೈಗೆ ಅದು ಗೊತ್ತಾಗಲು ಒಂದು ಚಳಿಗಾಲ ಬೇಕು.

ನಾನು ತೀರ್ಥಹಳ್ಳಿ ಕಡೆಯವನು, ಬಚ್ಚಲೊಲೆಯ ಮುಂದೆ ಕೂತು ಬೆಳೆದವನು. ವಿಡಿಯೋ ಕಾಲಿನಲ್ಲಿ ಒಲೆ ತೋರಿಸಿದಾಗ ಅಮ್ಮ ಹೇಳಿದ್ದು, "ಬೂದಿ ಎಲ್ಲಾ ಬಳಿದು ತೆಗಿಬೇಡ ಕಣೋ, ಅಡಿಗೆ ಒಂದಿಷ್ಟು ಇರಲಿ, ಕೆಂಡ ನಿಲ್ಲುತ್ತೆ." ಸೌದೆಗೆ ಅದು ನೂರಕ್ಕೆ ನೂರು ನಿಜ, ಸೌದೆ ಬೂದಿಯ ಹಾಸಿಗೆಯ ಮೇಲೇ ಚೆನ್ನಾಗಿ ಉರಿಯುವುದು. ಇದ್ದಲಿಗೆ ಗಾಳಿ ಕೆಳಗಿನಿಂದ ಬರಬೇಕು. ಬೂದಿ ತಟ್ಟೆ ತುಂಬಲು ಬಿಟ್ಟರೆ ಉರಿ ಕುಗ್ಗುತ್ತದೆ. ಸಾಲದ್ದಕ್ಕೆ, ತಂಪು ಗಾಳಿ ತಾಗದೆ ಕಾದು ಕಾದು ಸರಳುಗಳೇ ಬಾಗಿಹೋಗುತ್ತವೆ. ಹಾಗಾಗಿ ದಿನಕ್ಕೆರಡು ಸಲ ಬೂದಿ ತೆಗೆಯುವ ಕೆಲಸ ತಪ್ಪಿದ್ದಲ್ಲ. ಬೂದಿಯನ್ನು ಮುಚ್ಚಳದ ತಗಡಿನ ಬಕೆಟ್ಟಿಗೆ ಹಾಕಿ ಹೊರಗೇ ಇಡಬೇಕು, ಒಳಗಂತೂ ಇಡಲೇಬಾರದು. ತಣ್ಣಗೆ ಕಾಣುವ ಬೂದಿಯಲ್ಲೂ ಜೀವ ಇರುತ್ತದೆ, ಕಾರ್ಬನ್ ಮಾನಾಕ್ಸೈಡ್ ಬಿಡುತ್ತಿರುತ್ತದೆ. 2019ರ ಏಪ್ರಿಲ್‌ನಿಂದ ದೋಣಿ ಸುರಕ್ಷತಾ ಪ್ರಮಾಣಪತ್ರಕ್ಕೆ ಆ ಅನಿಲದ ಅಲಾರಂ ಕಡ್ಡಾಯ. ನಾವು ಒಲೆ ಇರುವಲ್ಲಿ ಒಂದು, ಮಲಗುವಲ್ಲಿ ಇನ್ನೊಂದು ಇಟ್ಟಿದ್ದೇವೆ. ಇದರಲ್ಲಿ ದುಡ್ಡು ಉಳಿಸಲು ಹೋಗಬೇಡಿ.

ಒಲೆಯ ತೊಂದರೆಗಳು ಸಣ್ಣವಲ್ಲ. ಇದ್ದಲ ಚೀಲಗಳನ್ನು ಚಾವಣಿಗೆ ಏರಿಸಿ ಇಳಿಸಬೇಕು, ಬೆನ್ನು ಗಟ್ಟಿ ಇರಬೇಕು. ಪುಸ್ತಕದ ಮೇಲೆ, ಕನ್ನಡಕದ ಮೇಲೆ, ಸಾರಿನ ಪಾತ್ರೆಯ ಮುಚ್ಚಳದ ಮೇಲೆ ಬೂದಿಪುಡಿ. ಒಲೆ ಇರುವುದು ಮುಂಭಾಗದಲ್ಲಿ, ನಾವು ಮಲಗುವುದು ಹಿಂಭಾಗದಲ್ಲಿ, ಹಾಗಾಗಿ ಮುಂದೆ ಬೆವರು, ಹಿಂದೆ ಎರಡು ರಜಾಯಿ. ಒಲೆಯ ಮೇಲಿಡುವ ಫ್ಯಾನ್ ಇದೆ, ಕರೆಂಟ್ ಬೇಡ, ಬುಡದ ಬಿಸಿ ಮತ್ತು ತಲೆಯ ತಂಪಿನ ವ್ಯತ್ಯಾಸದಿಂದಲೇ ತಿರುಗುತ್ತದೆ. ಅದು ಬಿಸಿಗಾಳಿಯನ್ನು ಅಡುಗೆಮನೆವರೆಗೆ ತಳ್ಳುತ್ತದೆ, ಅಲ್ಲಿಂದಾಚೆಗೆ ಅದರ ಶಕ್ತಿ ಸಾಲದು.

ಆದರೆ ದೋಸೆಹಿಟ್ಟು ಉಬ್ಬುವುದು ಈ ಒಲೆಯ ಹತ್ತಿರ ಮಾತ್ರ. ಸಂಜೆ ರುಬ್ಬಿದ ಹಿಟ್ಟನ್ನು ಒಲೆಯಿಂದ ಮೊಳ ದೂರದ ಮೆಟ್ಟಿಲ ಮೇಲಿಟ್ಟರೆ ಬೆಳಿಗ್ಗೆ ಪಾತ್ರೆಯ ಕಂಠಕ್ಕೆ ಬಂದಿರುತ್ತದೆ. ರಾತ್ರಿಯಿಡೀ ಒಂದೇ ಸಮನೆ ಬಿಸಿ ಕೊಡುವುದೆಂದರೆ ಏನು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಪರೀಕ್ಷೆ ನನಗೆ ಗೊತ್ತಿಲ್ಲ. ಒದ್ದೆ ಟವೆಲು, ಕಾಲುಚೀಲ, ಮಳೆಯಲ್ಲಿ ಲಾಕ್ ತೆರೆದು ಬಂದ ಕೋಟು ಎಲ್ಲ ಒಣಗುವುದೂ ಇಲ್ಲೇ. ಬೇಳೆ ಬೇಯುತ್ತದೆ, ಕೆಟಲಿನಲ್ಲಿ ನೀರು ಕಾದಿರುತ್ತದೆ. ಬೇರೆ ಯಾವ ಹೀಟರೂ ಇಷ್ಟು ಕೆಲಸ ಮಾಡುವುದಿಲ್ಲ.

ಇನ್ನು ಡೀಸೆಲ್ ಹೀಟರ್. ನಮ್ಮ ದೋಣಿಯ ಎಂಜಿನ್ ಕೋಣೆಯಲ್ಲಿ ಇದೂ ಇದೆ. ಎಂಜಿನ್ನಿನ ಟ್ಯಾಂಕಿನಿಂದಲೇ ಡೀಸೆಲ್ ಹೀರಿ, ನೀರು ಕಾಯಿಸಿ, ಉದ್ದಕ್ಕೂ ಇರುವ ರೇಡಿಯೇಟರುಗಳಿಗೆ ಪಂಪ್ ಮಾಡುತ್ತದೆ, ಸ್ನಾನದ ನೀರನ್ನೂ ಕಾಯಿಸುತ್ತದೆ. ಹಾಸಿಗೆಯಿಂದ ಏಳದೆ ಗುಂಡಿ ಒತ್ತಿದರೆ ಅರ್ಧ ಗಂಟೆಗೆ ಹಿಂಭಾಗವೂ ಬೆಚ್ಚಗೆ. ಬೂದಿಯಿಲ್ಲ, ಪುಡಿಯಿಲ್ಲ, ಚೀಲ ಹೊರುವುದಿಲ್ಲ. ಕೆಲಸ ಮುಗಿಸಿ ಕತ್ತಲಲ್ಲಿ ಬಂದಾಗ ಇದರಷ್ಟು ಉಪಕಾರಿ ಇನ್ನೊಂದಿಲ್ಲ.

ಇದಕ್ಕೆ ಕರೆಂಟ್ ಬೇಕು, ತೊಡಕು ಶುರುವಾಗುವುದು ಅಲ್ಲಿ. ಹೊತ್ತಿಕೊಳ್ಳುವಾಗ ಒಂದೆರಡು ನಿಮಿಷ ಹತ್ತು ಆಂಪ್ಸ್ ಹತ್ತಿರ ಎಳೆಯುತ್ತದೆ, ಆಮೇಲೆ ಪಂಪು, ಫ್ಯಾನು ಸೇರಿ ಎರಡು ಮೂರು ಆಂಪ್ಸ್. ಕೇಳಲು ಕಡಿಮೆ. ಹತ್ತು ಗಂಟೆ ಓಡಿಸಿದರೆ ಇಪ್ಪತ್ತೈದು, ಮೂವತ್ತು ಆಂಪ್-ಅವರ್ ಹೋಯಿತು. 110 ಆಂಪ್-ಅವರ್‌ನ ಲೆಡ್-ಆಸಿಡ್ ಬ್ಯಾಟರಿಯಲ್ಲಿ ಬಾಳಿಕೆ ಕೆಡದಂತೆ ಬಳಸಬಹುದಾದ್ದು ಅರ್ಧ, ಅಂದರೆ 55. ಅದರಲ್ಲಿ ಅರ್ಧ ಹೀಟರಿಗೇ! ಡಿಸೆಂಬರಿನಲ್ಲಿ ಲಂಡನ್ ಕಡೆ ಹಗಲು ಎಂಟು ಗಂಟೆಗೂ ಕಡಿಮೆ, ಅದೂ ಮೋಡದ ಹಗಲು, ಸೋಲಾರ್ ಫೋನು ತುಂಬಿಸಿದರೆ ಪುಣ್ಯ. ಎಂಜಿನ್ ಹಾಕಿ ಚಾರ್ಜ್ ಮಾಡೋಣವೆಂದರೆ ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟರವರೆಗೆ ಬೇರೆ ದೋಣಿಗಳ ಹತ್ತಿರ ನಿಂತಿರುವಾಗ ಎಂಜಿನ್ ಓಡಿಸುವಂತಿಲ್ಲ, ಲೈಸೆನ್ಸಿನ ಷರತ್ತು. ಚಳಿ ಹೆಚ್ಚಿದ್ದಷ್ಟೂ ಬ್ಯಾಟರಿ ಸೊರಗಿರುತ್ತದೆ. ಹೀಟರ್ ನಿಜವಾಗಿ ಬೇಕಾದ ಬೆಳಗಿನ ಜಾವವೇ ವೋಲ್ಟೇಜ್ ಕಡಿಮೆ ಎಂದು ಅದು ಹೊತ್ತಿಕೊಳ್ಳದೆ ಕೂರುತ್ತದೆ.

ಇನ್ನೊಂದು ಗುಣ ಗಮನಿಸಿ. ಈ ಹೀಟರುಗಳಿಗೆ ಪೂರ್ತಿ ಉರಿದು ನಿಲ್ಲುವುದು ಒಗ್ಗುತ್ತದೆ. ಸ್ವಲ್ಪ ಹೊತ್ತು ಹಾಕಿ, ಆರಿಸಿ, ಮತ್ತೆ ಹಾಕಿ ಮಾಡಿದರೆ ಒಳಗೆ ಮಸಿ ಕಟ್ಟುತ್ತದೆ. ನಮ್ಮದೂ ಹಾಗೆ ಕಟ್ಟಿಕೊಂಡು ಫೆಬ್ರವರಿಯಲ್ಲಿ ಬಿಳಿಹೊಗೆ ಕಾರಿ ನಿಂತಿತು. ಬಿಚ್ಚಿ ತೊಳೆಸಲು ಜನ ಸಿಗುವವರೆಗೆ ಅಳಿಲೊಂದೇ ಗತಿ. ಹೊಗೆಕೊಳವೆಯ ಸದ್ದೂ ಇದೆ. ಪಕ್ಕದ ದೋಣಿಯವರ ಕಿಟಕಿ ನಮ್ಮ ಕೊಳವೆಯ ಎದುರಿಗೇ ಬಂದಿದ್ದರೆ ಬೆಳಿಗ್ಗೆ ಆರಕ್ಕೆ ಹಾಕಲು ಮನಸ್ಸು ಬರುವುದಿಲ್ಲ.

ಡೀಸೆಲ್ಲಿನಲ್ಲೇ ಇನ್ನೊಂದು ಬಗೆ ಇದೆ, ಹನಿ ಒಲೆ. ಸ್ನೇಹಿತರು ಊರಿಗೆ ಹೋದಾಗ ಜನವರಿಯಲ್ಲಿ ಅವರ ದೋಣಿ ನೋಡಿಕೊಂಡೆವು, ಅದರಲ್ಲಿತ್ತು. ಎತ್ತರದ ಟ್ಯಾಂಕಿನಿಂದ ಡೀಸೆಲ್ ತಾನೇ ಇಳಿದು ಹನಿಹನಿಯಾಗಿ ಒಲೆಗೆ ಬೀಳುತ್ತದೆ. ಸಣ್ಣ ಉರಿಯಲ್ಲಿ ದಿನಕ್ಕೆ ಮೂರು ಲೀಟರ್ ಆಸುಪಾಸು. ಕರೆಂಟ್ ಬೇಡ, ಸದ್ದಿಲ್ಲ, ಬೂದಿಯಿಲ್ಲ, ಹಗಲೂರಾತ್ರಿ ಒಂದೇ ಉರಿ. ನನಗೆ ತುಂಬಾ ಹಿಡಿಸಿತು. ಆದರೆ ದೋಣಿ ಸಮವಾಗಿ ನಿಂತಿರಬೇಕು, ಗಾಳಿ ಚಿಮಣಿಯೊಳಗೆ ನುಗ್ಗಿದರೆ ಉರಿ ಹಳದಿಯಾಗಿ ಮಸಿ ಕಟ್ಟುತ್ತದೆ. ಬಹಳ ದಿನ ಒಂದೇ ಕಡೆ ನಿಲ್ಲುವವರಿಗೆ, ಇದ್ದಲು ಹೊರಲಾಗದವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಗ್ಯಾಸ್ ಬಾಯ್ಲರ್ ಇದ್ದದ್ದು ನಾವು ಕೊಳ್ಳುವ ಮೊದಲು ಬಾಡಿಗೆಗಿದ್ದ ದೋಣಿಯಲ್ಲಿ. ಹೊಗೆ ಹೊರಗೆ ಹೋಗುವ ಮುಚ್ಚಿದ ಬಾಯ್ಲರ್, ರೇಡಿಯೇಟರುಗಳಿಗೆ ಬಿಸಿನೀರು. ಸೊಗಸಾದ ಯಂತ್ರ, ಸದ್ದಿಲ್ಲ, ವಾಸನೆಯಿಲ್ಲ. ಕಷ್ಟವೆಲ್ಲ ಸಿಲಿಂಡರಿನದು. ಇಲ್ಲಿ 13 ಕಿಲೋದ ಕೆಂಪು ಪ್ರೊಪೇನ್ ಸಿಲಿಂಡರ್ ರೂಢಿ. ನೀಲಿಯದು ಬ್ಯೂಟೇನ್, ಸೊನ್ನೆ ಡಿಗ್ರಿ ಹತ್ತಿರ ಬಂದರೆ ಅದು ಆವಿಯಾಗುವುದೇ ಇಲ್ಲ, ಚಳಿಗಾಲದಲ್ಲಿ ಉಪಯೋಗಕ್ಕೆ ಬಾರದು. ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ದೋಣಿಯ ತಳದಲ್ಲಿ ಕೂತುಬಿಡುತ್ತದೆ. ಅದಕ್ಕೇ ಸಿಲಿಂಡರಿಗೆ ಸಾಮಾನ್ಯವಾಗಿ ಮೂತಿಯ ತುದಿಯಲ್ಲಿ ಬೇರೆ ಗೂಡು, ಗೂಡಿನ ತಳದಿಂದ ಹೊರಕ್ಕೆ ತೂತು. ಕೊರೆಯುವ ಮಳೆಯಲ್ಲಿ, ರಾತ್ರಿ, ಜಾರುವ ಮೂತಿಯ ಮೇಲೆ ಮಂಡಿಯೂರಿ ಸಿಲಿಂಡರ್ ಬದಲಿಸುವುದು ಯಾರಿಗೂ ಬೇಡ. ಬಾಯ್ಲರ್ ಇಲ್ಲವೆಂದು ಅಡುಗೆ ಒಲೆ ಹಚ್ಚಿ ಚಳಿ ಕಾಯಿಸಿಕೊಳ್ಳುವವರೂ ಇದ್ದಾರೆ, ದಯವಿಟ್ಟು ಮಾಡಬೇಡಿ. ವಿಷಾನಿಲದ ಅಪಾಯ ಒಂದು ಕಡೆ. ಇನ್ನೊಂದು ಕಡೆ, ಕಿಲೋ ಪ್ರೊಪೇನ್ ಉರಿದರೆ ಸುಮಾರು 1.6 ಲೀಟರ್ ನೀರು ಆವಿಯಾಗಿ ಒಳಗೇ ಉಳಿಯುತ್ತದೆ, ಅದಷ್ಟೂ ಹಾಸಿಗೆಗೆ, ಗೋಡೆಗೆ.

ಖರ್ಚಿಗೆ ಬಂದರೆ, 20 ಕಿಲೋ ಸ್ಮೋಕ್‌ಲೆಸ್ ಚೀಲ, 17 ಲೀಟರ್ ಡೀಸೆಲ್, 13 ಕಿಲೋದ ಒಂದು ಸಿಲಿಂಡರ್, ಮೂರರೊಳಗಿನ ಶಾಖ ಹೆಚ್ಚುಕಮ್ಮಿ ಒಂದೇ, 170 ಯೂನಿಟ್ ಆಚೀಚೆ. ಇದ್ದಲ ಒಲೆ ಇದರಲ್ಲಿ ಕಾಲುಭಾಗದಷ್ಟನ್ನು ಚಿಮಣಿಗೆ ಕೊಡುತ್ತದೆ, ಡೀಸೆಲ್ ಹೀಟರ್ ಅದಕ್ಕಿಂತ ಕಡಿಮೆ. ಆ ನಷ್ಟ ಸೇರಿಸಿದರೂ ನಮಗೆ ಇದ್ದಲೇ ಅಗ್ಗ ಬಿದ್ದಿದೆ, ಡೀಸೆಲ್ ಬೆನ್ನಿಗೇ ಇದೆ, ಗ್ಯಾಸ್ ತೀರಾ ದುಬಾರಿ. ಡೀಸೆಲ್ ಕೊಳ್ಳುವಾಗ ಓಡಾಟಕ್ಕೆಷ್ಟು, ಬಿಸಿಗೆಷ್ಟು ಎಂದು ಪಾಲು ಬರೆದುಕೊಡಬೇಕು, ಬಿಸಿಯ ಪಾಲಿಗೆ ತೆರಿಗೆ ಕಡಿಮೆ. ಇದ್ದಲು, ಡೀಸೆಲ್, ಗ್ಯಾಸ್ ಮೂರನ್ನೂ ಹೊತ್ತು ಕಾಲುವೆಯಲ್ಲೇ ಬರುವ ಇಂಧನ ದೋಣಿಗಳಿವೆ. ನಮ್ಮಂಥವರಿಗೆ ಅವರೇ ಆಸರೆ, ಸೂಪರ್‌ಮಾರ್ಕೆಟ್ಟಿನಲ್ಲಿ ಎರಡು ಪೌಂಡ್ ಉಳಿಸುವುದಕ್ಕಿಂತ ಅವರಿಂದ ಕೊಳ್ಳುವುದು ಮೇಲು. ಹಳೆಯ ಹೊಗೆಯ ಕಲ್ಲಿದ್ದಲನ್ನು ಚೀಲದಲ್ಲಿ ಮಾರುವುದು ಇಂಗ್ಲೆಂಡಿನಲ್ಲಿ 2021ರ ಮೇ ತಿಂಗಳಿಂದ ನಿಂತಿದೆ, ಯಾರಾದರೂ ಅಗ್ಗಕ್ಕೆ ಕೊಡುತ್ತೇವೆಂದರೆ ತೆಗೆದುಕೊಳ್ಳಬೇಡಿ.

ಮರೀನಾದ ಕರೆಂಟಿನ ಬಗ್ಗೆ ಹೆಚ್ಚಿಲ್ಲ. ಎಣ್ಣೆ ತುಂಬಿದ ರೇಡಿಯೇಟರ್ ಒಂದು ತಂದಿಟ್ಟರೆ ಸಾಕು, ಮೀಟರಿನ ದರ ಮೊದಲೇ ಕೇಳಿಕೊಳ್ಳಿ.

ನಾವೀಗ ಮಾಡುತ್ತಿರುವುದು: ನವೆಂಬರಿನಿಂದ ಮಾರ್ಚಿವರೆಗೆ ಅಳಿಲು ಆರುವುದಿಲ್ಲ. ಡೀಸೆಲ್ ಹೀಟರನ್ನು ದಿನಕ್ಕೊಮ್ಮೆ, ಎಂಜಿನ್ ಓಡಿ ಬ್ಯಾಟರಿ ತುಂಬಿದ ಮೇಲೆ, ಒಂದು ಗಂಟೆ ಪೂರ್ತಿ ಉರಿಸುತ್ತೇವೆ, ಸ್ನಾನದ ನೀರಿಗೆ ಮತ್ತು ಹಿಂದಿನ ಕೋಣೆಗೆ. ಏಪ್ರಿಲ್ ಮತ್ತು ಅಕ್ಟೋಬರಿನ ಬೆಳಗುಗಳಿಗೆ ಹೀಟರ್ ಒಂದೇ ಸಾಕು. ಗ್ಯಾಸ್ ಅಡುಗೆಗೆ ಮಾತ್ರ. ದಿನವಿಡೀ ಆಫೀಸಿನಲ್ಲಿರುವ ಒಬ್ಬರಿಗೆ ಈ ಏರ್ಪಾಟು ಹೊಂದದು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಹಚ್ಚುವ ಒಲೆ ಹೊಗೆಯನ್ನೇ ಹೆಚ್ಚು ಕೊಡುತ್ತದೆ. ಅಂಥವರು ಒಳ್ಳೆಯ ಲಿಥಿಯಂ ಬ್ಯಾಟರಿ ಹಾಕಿಸಿ ಡೀಸೆಲ್ ಹೀಟರನ್ನೇ ನೆಚ್ಚಿಕೊಳ್ಳಲಿ, ಒಲೆ ಆಪತ್ತಿಗಿರಲಿ. ಬೆಳಗಿನ ಜಾವ ಕರೆಂಟ್ ಇಲ್ಲದೆಯೂ ಹೊತ್ತುವ ಒಂದು ಬೆಂಕಿ ದೋಣಿಯಲ್ಲಿ ಇರಲೇಬೇಕು.

ದೋಣಿ ನೋಡಲು ಹೋಗುವುದಾದರೆ ಚಳಿಗಾಲದಲ್ಲೇ ಹೋಗಿ. ನಿಮ್ಮೆದುರಿಗೇ ಒಲೆ ಹಚ್ಚಲು ಹೇಳಿ. ಬಾಗಿಲಿನ ಅಂಚಿನ ಹಗ್ಗ ಹುಡಿಯಾಗಿದೆಯೇ, ಒಳಗಿನ ಇಟ್ಟಿಗೆ ಬಿರುಕು ಬಿಟ್ಟಿದೆಯೇ ನೋಡಿ, ಇವೆರಡೂ ಸುಲಭವಾಗಿ ಬದಲಿಸುವಂಥವು. ಒಲೆಯ ಮೈಯೇ ಸೀಳಿದ್ದರೆ ಬೇಡ. ಹೀಟರಿನ ಕೊನೆಯ ಸರ್ವಿಸ್ ಯಾವಾಗ ಆಯಿತು, ಬ್ಯಾಟರಿಗೆಷ್ಟು ವರ್ಷ ಎಂದು ಕೇಳಿ. ಕೊನೆಗೆ ಹಿಂದಿನ ಕೋಣೆಗೆ ಹೋಗಿ, ಹಾಸಿಗೆ ಎತ್ತಿ, ಗೋಡೆ ಬದಿಯ ಹಲಗೆಯ ಮೇಲೆ ಅಂಗೈ ಇಡಿ. ಅಲ್ಲಿ ತೇವ ಸಿಕ್ಕರೆ ಮಾರುವವರು ಬಿಸಿಯ ಬಗ್ಗೆ ಹೇಳಿದ್ದೆಲ್ಲವನ್ನೂ ಇನ್ನೊಮ್ಮೆ ವಿಚಾರಿಸಿ, ಆಮೇಲೆ ಬೆಲೆಯ ಮಾತಾಡಿ.