ಅಪ್ಪಯ್ಯನ ಕೋವಿಗೆ ಮಾಡಿಸಿದ ಕಬ್ಬಿಣದ ಪೆಟ್ಟಿಗೆ: ಎರಡು ಮಳೆಗಾಲ ಕಳೆದ ಮೇಲೆ

ಈ ಪೆಟ್ಟಿಗೆ ನಮ್ಮ ಮನೆಗೆ ಬಂದದ್ದು 2024ರ ಜೂನ್ ಮೊದಲ ವಾರ. ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ, ಮೇಗರವಳ್ಳಿಯಿಂದ ಸ್ವಲ್ಪ ಒಳಗೆ. ಇಲ್ಲಿ ಯಾವ ಕಬ್ಬಿಣದ ವಸ್ತುವನ್ನೂ ಮಳೆಗಾಲ ನೋಡದೆ ಹೊಗಳುವ ಹಾಗಿಲ್ಲ. ಅದಕ್ಕೇ ಇಷ್ಟು ದಿನ ಕಾದು ಈಗ ಬರೆಯುತ್ತಿದ್ದೇನೆ.

ಕೋವಿ ಅಪ್ಪಯ್ಯನದು. 12 ಬೋರಿನ ಜೋಡಿ ನಳಿಗೆ, ಬೆಳೆ ರಕ್ಷಣೆಯ ಲೈಸೆನ್ಸ್. ಮಂಗ, ಹಂದಿ ತೋಟಕ್ಕೆ ಇಳಿದಾಗ ಮೇಲಕ್ಕೆ ಒಂದು ಈಡು ಹೊಡೆದರೆ ನಾಲ್ಕು ದಿನ ನೆಮ್ಮದಿ. ಅದನ್ನು ಅವರು ಇಡುತ್ತಿದ್ದುದು ಅಡುಗೆಮನೆಯ ಅಟ್ಟದ ಮೇಲೆ, ಗೋಣಿಚೀಲದಲ್ಲಿ ಸುತ್ತಿ. ಒಲೆಯ ಬಿಸಿ ತಾಗಿ ಅಲ್ಲಿ ಯಾವಾಗಲೂ ಬೆಚ್ಚಗೆ. ಆಷಾಢದಲ್ಲೂ ತುಕ್ಕು ಹಿಡಿಯುವುದಿಲ್ಲ. ಅವರ ಅಪ್ಪನೂ ಅಲ್ಲೇ ಇಡುತ್ತಿದ್ದರಂತೆ. ಅಂದರೆ ಕೋವಿ ಎಲ್ಲಿದೆ ಅಂತ ಊರಿಗೆಲ್ಲ ಗೊತ್ತು.

2024ರ ಫೆಬ್ರವರಿಯಲ್ಲಿ ನಾವೆಲ್ಲ ಕೊಪ್ಪಕ್ಕೆ ಮದುವೆಗೆ ಹೋಗಿದ್ದೆವು. ಮರುದಿನ ಬೆಳಿಗ್ಗೆ ಬಂದು ನೋಡಿದರೆ ಹಿತ್ತಿಲ ಬಾಗಿಲ ಚಿಲಕ ಕಿತ್ತಿತ್ತು. ಅಟ್ಟದಲ್ಲಿದ್ದ ಒಂದೂವರೆ ಚೀಲ ಬೆಟ್ಟೆ ಅಡಿಕೆ ಇರಲಿಲ್ಲ. ನಾನು ಅಡಿಕೆ ಲೆಕ್ಕ ಹಾಕುತ್ತಿದ್ದೆ. ಅಪ್ಪಯ್ಯ ಏಣಿ ಹತ್ತಿ ನೇರ ಕೋವಿ ಇದ್ದ ಮೂಲೆಗೆ ಹೋದರು. ಕೋವಿ ಇತ್ತು. ಆದರೆ ಗೋಣಿಚೀಲದ ಸುತ್ತು ಇಟ್ಟ ಜಾಗದಲ್ಲಿ ಇರಲಿಲ್ಲ. ಒಂದು ಮೊಳ ಆಚೆಗೆ ಸರಿದಿತ್ತು. ಅಡಿಕೆ ಚೀಲ ಎಳೆಯಲು ಅಡ್ಡ ಬಂತು ಅಂತ ಯಾರೋ ಅದನ್ನು ಕೈಯಿಂದ ಪಕ್ಕಕ್ಕೆ ತಳ್ಳಿದ್ದಾರೆ. ಒಳಗೆ ಏನಿದೆ ಅಂತ ಕತ್ತಲಲ್ಲಿ ಗೊತ್ತಾಗಿಲ್ಲ, ಅಷ್ಟೇ. ಅಪ್ಪಯ್ಯ ಅಟ್ಟದ ಮೇಲೇ ಕೂತುಬಿಟ್ಟರು. ಕೆಳಗೆ ಇಳಿಯಲು ಅರ್ಧ ಗಂಟೆ ಬೇಕಾಯಿತು.

ಅಡಿಕೆ ಹೋದರೆ ದುಡ್ಡು ಹೋಯಿತು. ಕೋವಿ ಹೋದರೆ ಅದು ನಾಳೆ ಯಾರ ಎದೆಗೆ ಗುರಿಯಾಗುತ್ತದೆ ಅಂತ ಹೇಳಲು ಆಗುವುದಿಲ್ಲ ಅಲ್ವಾ? ಆ ವಾರವಿಡೀ ನನಗೆ ಅದೇ ಯೋಚನೆ.

ಮಾರ್ಚ್‌ನಲ್ಲಿ ಲೋಕಸಭೆ ಚುನಾವಣೆ ಘೋಷಣೆಯಾಯಿತು. ಚುನಾವಣೆ ಮುಗಿಯುವ ತನಕ ಅಂತ ಎಲ್ಲರಂತೆ ನಾವೂ ಕೋವಿಯನ್ನು ಠೇವಣಿ ಇಟ್ಟು ರಸೀದಿ ತಂದೆವು. ಶಿವಮೊಗ್ಗದಲ್ಲಿ ಮತದಾನ ಮೇ 7ಕ್ಕೆ, ಎಣಿಕೆ ಜೂನ್ 4ಕ್ಕೆ. ಹಂದಿ ಕಾಟಕ್ಕೆ ಬೈದುಕೊಂಡರೂ ಆ ದಿನಗಳಲ್ಲಿ ರಾತ್ರಿ ನಾನು ಚೆನ್ನಾಗಿ ನಿದ್ದೆ ಮಾಡಿದೆ. ಕೋವಿ ವಾಪಸ್ ಬರುವಷ್ಟರಲ್ಲಿ ಮನೆಯಲ್ಲೂ ಅದಕ್ಕೊಂದು ಭದ್ರವಾದ ಜಾಗ ಇರಬೇಕು ಅಂತ ಆಗಲೇ ತೀರ್ಮಾನ ಮಾಡಿದೆ.

ಮೊದಲು ರೆಡಿಮೇಡ್ ನೋಡಿದೆ. ನಂಬರ್ ಒತ್ತಿ ತೆಗೆಯುವ ಸಣ್ಣ ಲಾಕರ್‌ಗಳು ಒಡವೆಗೆ ಸರಿ. ನಮ್ಮ ಕೋವಿಯ ಉದ್ದ 47 ಇಂಚು. ಮನೆಯ ಬಟ್ಟೆ ಬೀರುವಿನಲ್ಲಿ ಉದ್ದಕ್ಕೆ ಹಿಡಿಸುತ್ತದೆ, ಆದರೆ ಬೀರುವಿನ ತಗಡು ಒಂದು ಮಿಲಿಮೀಟರೂ ಇರುವುದಿಲ್ಲ. ಕೊಟ್ಟಿಗೆಯಲ್ಲಿರುವ ಹಾರೆ ತಂದು ಮೀಟಿದರೆ ಮುಗಿಯಿತು. ಕಳ್ಳ ಹಾರೆ ಹೊತ್ತು ತರಬೇಕಾಗಿಯೂ ಇಲ್ಲ, ಅಡಿಕೆ ಬೆಳೆಗಾರರ ಮನೆ ಅಂದಮೇಲೆ ಹಾರೆ, ಗುದ್ದಲಿ, ಕತ್ತಿ ಎಲ್ಲ ಅಂಗಳದಲ್ಲೇ ಇರುತ್ತವೆ. ಕೊನೆಗೆ ಶಿವಮೊಗ್ಗದ ಒಂದು ವೆಲ್ಡಿಂಗ್ ಶಾಪಿನಲ್ಲಿ ಅಳತೆ ಕೊಟ್ಟು ಮಾಡಿಸಿದೆ. ಎತ್ತರ 52 ಇಂಚು, ಅಗಲ 12, ಆಳ 10. ಮೈಗೆ 2 ಮಿಲಿಮೀಟರ್ ತಗಡು, ಬಾಗಿಲಿಗೆ 3 ಮಿಲಿಮೀಟರ್. ಒಳಗೆ ಮೇಲ್ಗಡೆ ತೋಟಾಕ್ಕೆ, ಅಂದರೆ ಕೋವಿಯ ಗುಂಡಿಗೆ, ಬೇರೆ ಬೀಗದ ಸಣ್ಣ ಖಾನೆ. ಸಾಗಣೆ, ಕೂರಿಸುವುದು ಎಲ್ಲ ಸೇರಿ 14,500 ರೂಪಾಯಿ.

ಕೆಲಸ ಗಟ್ಟಿ. ವೆಲ್ಡಿಂಗ್ ಎಲ್ಲೂ ಬಿಟ್ಟಿಲ್ಲ. ಬಾಗಿಲು ಮುಚ್ಚಿದರೆ ಸಂದಿಯಲ್ಲಿ ಉಗುರು ತೂರುವುದಿಲ್ಲ. ಮೊದಲು ಅವರು ಹೊರಗೆ ಕೊಂಡಿ ಹಾಕಿ ಬೀಗ ಜಡಿಯುವ ಹಾಗೆ ಮಾಡಿದ್ದರು. ಅದು ಬೇಡ ಅಂದೆ. ಹೊರಗೆ ನೇತಾಡುವ ಬೀಗ ಹಾರೆಗೆ ಹಿಡಿ ಕೊಟ್ಟ ಹಾಗೆ. 7 ಲಿವರಿನ ಒಳಬೀಗ ಹಾಕಿಕೊಟ್ಟರು. ಕೀಲು ಹೊರಗೇ ಕಾಣುತ್ತಿತ್ತು, ಅದನ್ನು ಕತ್ತರಿಸಿದರೆ ಅಂತ ಕೇಳಿದೆ. ಯಜಮಾನರು ಬೇಜಾರು ಮಾಡಿಕೊಳ್ಳದೆ ಕೀಲಿನ ಕಡೆ ಬಾಗಿಲ ಒಳಗೆ ಉದ್ದಕ್ಕೂ ಒಂದು ಪಟ್ಟಿ ಬೆಸೆದರು. ಈಗ ಕೀಲು ಕತ್ತರಿಸಿದರೂ ಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡೇ ಇರುತ್ತದೆ. ಈ ತಾಳ್ಮೆಗೆ ನಾನು ಪೂರ್ತಿ ಅಂಕ ಕೊಡುತ್ತೇನೆ.

ತಪ್ಪಿದ್ದು ಕೂರಿಸುವಾಗ. ಪೆಟ್ಟಿಗೆಯ ತೂಕ 40 ಕೆಜಿ ಹತ್ತಿರ. ಕಳ್ಳರು ಎತ್ತುವುದಿಲ್ಲ ಬಿಡಿ ಅಂದರು ಬಂದ ಹುಡುಗರು. ನಮ್ಮೂರಲ್ಲಿ 65 ಕೆಜಿ ಅಡಿಕೆ ಚೀಲವನ್ನು ಒಬ್ಬರೇ ಹೊತ್ತು ಲಾರಿಗೆ ಹಾಕುತ್ತಾರೆ. 40 ಕೆಜಿ ಯಾವ ಲೆಕ್ಕ? ಗೋಡೆಗೆ ಬಿಗಿಯಲೇಬೇಕು ಅಂದೆ. ನಾಲ್ಕು ಆಂಕರ್ ಬೋಲ್ಟ್ ಹೊಡೆದರು. ನಮ್ಮದು ಒಂದೂವರೆ ಅಡಿ ದಪ್ಪದ ಹಳೆಯ ಮಣ್ಣಿನ ಗೋಡೆ. ನಾನು ಪೆಟ್ಟಿಗೆಯ ತಲೆ ಹಿಡಿದು ಜಗ್ಗಿದೆ. ಮಣ್ಣು ಉದುರಿ ಎರಡು ಬೋಲ್ಟ್ ಕೈಗೇ ಬಂತು. ಆ ಬೋಲ್ಟ್‌ಗಳು ಕಾಂಕ್ರೀಟ್‌ಗೆ ಸರಿ, ಒಳಗೆ ಅಗಲವಾಗಿ ಗಟ್ಟಿ ಗೋಡೆಯನ್ನು ಒತ್ತಿ ನಿಲ್ಲುತ್ತವೆ. ಮಣ್ಣಿಗೆ ಒತ್ತಿದರೆ ಮಣ್ಣು ಪುಡಿಯಾಗುತ್ತದೆ. ಮಲೆನಾಡಿನ ಹಳೆ ಮನೆಯವರು ದಯವಿಟ್ಟು ಇದನ್ನು ಜಗ್ಗಿ ನೋಡಿಯೇ ದುಡ್ಡು ಕೊಡಿ. ಜಂಬಿಟ್ಟಿಗೆ ಗೋಡೆಯಾದರೂ ಒಮ್ಮೆ ಜಗ್ಗಿ.

ಒಂದು ವಾರ ಬಿಟ್ಟು ಯಜಮಾನರೇ ಬಂದರು. ಗೋಡೆಯ ಆರ್ಪಾರ್ ತೂತು ಕೊರೆದು ಉದ್ದನೆಯ ರಾಡ್ ತೂರಿಸಿದರು. ಆಚೆ ಬದಿಗೆ ಕಬ್ಬಿಣದ ಪ್ಲೇಟು, ರಾಡಿನ ತುದಿ ಅದಕ್ಕೆ ಬೆಸುಗೆ. ನಟ್ಟುಗಳು ಈಚೆಗೆ, ಪೆಟ್ಟಿಗೆಯ ಒಳಗೆ. ಬಾಗಿಲು ತೆರೆಯದೆ ಬಿಚ್ಚಲು ಆಗುವುದಿಲ್ಲ. ಆಚೆ ಬದಿ ದೇವರ ಕೋಣೆ. ಅಮ್ಮ ಮೊದಲು ಒಪ್ಪಲಿಲ್ಲ. ಹೊರಗೋಡೆಗೆ ಹಾಕಿದರೆ ಪ್ಲೇಟು ಅಂಗಳದ ಕಡೆಗೆ ಬರುತ್ತದೆ, ಗೋಡೆ ಅಗೆದು ಕೀಳಬಹುದು ಅಂತ ತೋರಿಸಿದ ಮೇಲೆ ಸರಿ ಅಂದರು. ಈಗ ಆ ಪ್ಲೇಟಿನ ಮುಂದೆ ಪಂಚಾಂಗ ನೇತುಹಾಕಿದ್ದಾರೆ.

ಇನ್ನೊಂದು ದೂರು, ಮಖಮಲ್. ಚೆಂದ ಕಾಣಲಿ ಅಂತ ಒಳಗೆ ಪೂರ್ತಿ ಕೆಂಪು ಮಖಮಲ್ ಅಂಟಿಸಿದ್ದರು. ಜುಲೈ ಎರಡನೇ ವಾರ ತೆಗೆದು ನೋಡಿದರೆ ಬಟ್ಟೆ ಮುಟ್ಟಿದ ಕಡೆಯೆಲ್ಲ ನಳಿಗೆಯ ಮೇಲೆ ಕಂದು ಚುಕ್ಕೆ. ಬಟ್ಟೆ ಗಾಳಿಯ ತೇವ ಹೀರಿ ಕಬ್ಬಿಣಕ್ಕೆ ಒತ್ತಿ ಇಟ್ಟಿತ್ತು. ಅಪ್ಪಯ್ಯ ಏನೂ ಅನ್ನಲಿಲ್ಲ, ಅಟ್ಟದ ಕಡೆ ಒಮ್ಮೆ ನೋಡಿದರು. ನನಗೆ ಅಳುವೇ ಬಂತು. ಎಣ್ಣೆ ಹಚ್ಚಿ, ಮೆತ್ತಗೆ ಉಜ್ಜಿ ಚುಕ್ಕೆ ಹೋಗಿಸಲು ಎರಡು ದಿನ ಬೇಕಾಯಿತು. ಮಖಮಲ್ ಎಲ್ಲ ಕಿತ್ತು ಹಾಕಿದೆ. ಈಗ ಕೆಳಗೆ ರಬ್ಬರ್ ತುಂಡು, ಮೇಲೆ ನಳಿಗೆ ಒರಗಲು ರಬ್ಬರ್ ಸುತ್ತಿದ ಕೊಕ್ಕೆ, ಅಷ್ಟೇ. ಅರ್ಧ ಕೆಜಿಯ ಎರಡು ಸಿಲಿಕಾ ಜೆಲ್ ಚೀಲ ಇಟ್ಟಿದ್ದೇನೆ. ತೇವ ಕುಡಿದು ಹರಳು ನೀಲಿಯಿಂದ ಗುಲಾಬಿಗೆ ತಿರುಗಿದರೆ ಬಚ್ಚಲ ಹಂಡೆ ಒಲೆಯ ಕೆಂಡದ ಬಿಸಿಯಲ್ಲಿ ಬೇರೆ ಬಾಣಲೆಗೆ ಸುರಿದು ಒಣಗಿಸುತ್ತೇನೆ, ಮತ್ತೆ ನೀಲಿಯಾಗುತ್ತದೆ. ಆ ನೀಲಿ ಬಣ್ಣ ಹೊಟ್ಟೆಗೆ ಹೋಗಬಾರದ್ದು, ಅಡುಗೆ ಪಾತ್ರೆ ಬಳಸಬೇಡಿ. ಮಳೆಗಾಲದಲ್ಲಿ ಎಂಟು ದಿನಕ್ಕೊಮ್ಮೆ ಇದು ಮಾಡಲೇಬೇಕು. ಜೊತೆಗೆ ಎಣ್ಣೆ ಬಟ್ಟೆಯಲ್ಲಿ ನಳಿಗೆ ಒರೆಸುವುದು. 2025ರ ಮಳೆಗಾಲದಲ್ಲಿ ಒಂದು ಚುಕ್ಕೆಯೂ ಬರಲಿಲ್ಲ. ಹೊಗೆಯ ಅಟ್ಟಕ್ಕೆ ಸರಿಸಾಟಿಯಾಗಿದೆ ಅಂತ ಅಪ್ಪಯ್ಯನೇ ಹೇಳಿದರು.

ಪ್ರಯಾಣಕ್ಕೆ ಅಂತ ಅದೇ ಶಾಪಿನಲ್ಲಿ ಇನ್ನೊಂದು ಪೆಟ್ಟಿಗೆ ಮಾಡಿಸಿದೆ. ಕೋವಿ ರಿಪೇರಿಗೋ ಲೈಸೆನ್ಸ್ ಕೆಲಸಕ್ಕೋ ಶಿವಮೊಗ್ಗಕ್ಕೆ ಒಯ್ಯಬೇಕಾಗುತ್ತದೆ. ಮೊದಲು ಕ್ಯಾನ್ವಾಸ್ ಚೀಲದಲ್ಲಿ ಒಯ್ಯುತ್ತಿದ್ದೆವು, ನೋಡಿದವರಿಗೆಲ್ಲ ಕೋವಿ ಅಂತ ಗೊತ್ತಾಗುತ್ತಿತ್ತು. ಜೋಡಿ ನಳಿಗೆಯ ಕೋವಿಯಲ್ಲಿ ಮುಂಗೈ ಹಿಡಿಯುವ ಮರದ ತುಂಡು ತೆಗೆದು, ಮಡಚಿ, ನಳಿಗೆ ಬಿಡಿಸಿದರೆ ಮೂರು ಭಾಗವಾಗುತ್ತದೆ. ಉದ್ದದ್ದು 30 ಇಂಚಿನ ನಳಿಗೆ. ಅದಕ್ಕೆ ತಕ್ಕ ಹಾಗೆ 33 ಇಂಚಿನ ಪ್ಲೈವುಡ್ ಪೆಟ್ಟಿಗೆ, ಅಂಚಿಗೆ ಅಲ್ಯೂಮಿನಿಯಂ ಪಟ್ಟಿ. ನೋಡಿದರೆ ಹಾರ್ಮೋನಿಯಂ ಪೆಟ್ಟಿಗೆಯ ಹಾಗೆ ಇದೆ, ನನಗೆ ಬೇಕಾದದ್ದೂ ಅದೇ. ಹಿಡಿಕೆ ಮಾತ್ರ ಸಣ್ಣದಾಯಿತು, ಬೆರಳು ನೋಯುತ್ತದೆ. ಹಿಡಿಕೆಯೊಳಗೆ ಸ್ಟೀಲ್ ಕೇಬಲ್ ತೂರಿಸಿ ಕಾರಿನ ಹಿಂದಿನ ಸೀಟಿನ ಕಬ್ಬಿಣದ ಕಾಲಿಗೆ ಬೀಗ ಹಾಕುತ್ತೇನೆ.

ಕೇಬಲ್ ಇದೆ ಅಂತ ಕಾರಿನಲ್ಲಿ ಬಿಟ್ಟು ಹೋಗುವುದಲ್ಲ. ಗಾಜು ಒಡೆಯಲು ಒಂದು ನಿಮಿಷ ಸಾಕು, ಕೇಬಲ್ ಕತ್ತರಿಸಲು ಇನ್ನೊಂದು. ಮಂಡಗದ್ದೆಯಲ್ಲಿ ಟೀಗೆ ನಿಲ್ಲಿಸುವುದು ನಮ್ಮ ರೂಢಿ. ಕೋವಿ ಇದ್ದ ದಿನ ಒಬ್ಬರು ಇಳಿದರೆ ಒಬ್ಬರು ಕಾರಿನಲ್ಲೇ. ಒಬ್ಬಳೇ ಹೋಗುವ ದಿನ ಎಲ್ಲೂ ನಿಲ್ಲಿಸುವುದಿಲ್ಲ. ಕೋವಿಯಲ್ಲಿ ತೋಟಾ ಇರಬಾರದು, ಲೈಸೆನ್ಸ್ ಪುಸ್ತಕ ಕೈಯಲ್ಲಿ ಇರಬೇಕು, ಅದರಲ್ಲಿ ಬರೆದಿರುವ ವ್ಯಾಪ್ತಿ ದಾಟಬಾರದು. ಬೆಂಗಳೂರಿಗೋ ಧರ್ಮಸ್ಥಳಕ್ಕೋ ನಾಲ್ಕು ದಿನ ಎಲ್ಲರೂ ಹೋಗುವುದಾದರೆ ಲೈಸೆನ್ಸ್ ಇರುವ ಬಂದೂಕು ಅಂಗಡಿಯಲ್ಲಿ ಠೇವಣಿ ಇಟ್ಟು ರಸೀದಿ ತರುತ್ತೇನೆ. ಎಂಥಾ ಪೆಟ್ಟಿಗೆಯಾದರೂ ನಾಲ್ಕು ರಾತ್ರಿ ಖಾಲಿ ಮನೆಯಲ್ಲಿ ಕಾವಲು ಕಾಯಲಾರದು. ಕೋವಿಯ ನಂಬರು, ಲೈಸೆನ್ಸಿನ ಯುಐಎನ್ ಅನ್ನುವ ಗುರುತಿನ ನಂಬರು ಎರಡನ್ನೂ ಬರೆದು ಬೇರೆ ಕಡೆ ಇಟ್ಟಿದ್ದೇನೆ. ಕಳುವಾದರೆ ತಕ್ಷಣ ಹತ್ತಿರದ ಠಾಣೆಗೆ ತಿಳಿಸಬೇಕು, ಅದು ಲೈಸೆನ್ಸಿನ ಷರತ್ತು. ಆ ಹೊತ್ತಲ್ಲಿ ನಂಬರು ಹುಡುಕುತ್ತಾ ಕೂರಬಾರದು.

ಆಯುಧ ಪೂಜೆಯ ದಿನ ಮಾತ್ರ ಕೋವಿ ಜಗುಲಿಗೆ ಬರುತ್ತದೆ. ಹೋದ ವರ್ಷ ಅಣ್ಣನ ಮಗ ಅದನ್ನು ಹಿಡಿದು ಫೋಟೋ ತೆಗೆದು ಸ್ಟೇಟಸ್ ಹಾಕಿದ್ದ. ಅಳಿಸಿಸಿದೆ. ಅವನಿಗೆ ಕೋಪ ಬಂತು. ಬರಲಿ. ಆರತಿ ಮುಗಿದ ಕೂಡಲೇ ಕೋವಿ ಒಳಗೆ.

ಇನ್ನು ಬೀಗದ ಕೈ. ಶಾಪಿನವರು ಎರಡು ಕೊಟ್ಟರು. ನಮ್ಮ ಕಡೆ ಬೀಗದ ಕೈ ಇರುವುದು ಸಾಸಿವೆ ಡಬ್ಬಿಯ ಪಕ್ಕ, ಇಲ್ಲ ದೇವರ ಗೂಡಿನಲ್ಲಿ, ಇಲ್ಲ ಬಾಗಿಲ ಮೇಲಿನ ಪಟ್ಟಿಯಲ್ಲಿ. ನಮಗೆ ಗೊತ್ತಿರುವುದು ಕಳ್ಳರಿಗೂ ಗೊತ್ತು. 14,500 ಕೊಟ್ಟು ಪೆಟ್ಟಿಗೆ ಮಾಡಿಸಿ ಕೈಯನ್ನು ಅಲ್ಲಿಟ್ಟರೆ ಗೋಣಿಚೀಲವೇ ವಾಸಿ. ಒಂದು ಕೈ ಮೊದಲ ದಿನವೇ ತೀರ್ಥಹಳ್ಳಿಯ ಬ್ಯಾಂಕ್ ಲಾಕರಿಗೆ ಹೋಯಿತು. ಇನ್ನೊಂದು ಅಪ್ಪಯ್ಯನ ಜನಿವಾರಕ್ಕೆ.

2016ರ ಆರ್ಮ್ಸ್ ರೂಲ್ಸ್ ಪ್ರಕಾರ ಲೈಸೆನ್ಸ್ ಇದ್ದವರಿಗೆ 70 ವರ್ಷ ತುಂಬಿದರೆ, ಅಥವಾ ಕೋವಿ ಅವರ ಹತ್ತಿರ 25 ವರ್ಷ ಇದ್ದರೆ, ವಾರಸುದಾರರು ತಮ್ಮ ಹೆಸರಿಗೆ ಲೈಸೆನ್ಸ್ ಕೇಳಬಹುದು. ಅಪ್ಪಯ್ಯನಿಗೆ 76. ಹೋದ ವರ್ಷ ಅರ್ಜಿ ಹಾಕಿದೆವು, ನನ್ನ ಹೆಸರಿಗೆ ಬಂತು. ಆ ಸಂಜೆ ಅಪ್ಪಯ್ಯ ಕೈಕಾಲು ತೊಳೆದು ಬಂದು ಜನಿವಾರದಿಂದ ಬೀಗದ ಕೈ ಬಿಚ್ಚಿದರು. "ಇನ್ನು ಇದು ನನ್ನ ಹತ್ತಿರ ಇರೋದು ಸರಿಯಲ್ಲ ಮಗಾ" ಅಂದರು. ಅಂಗೈಯಲ್ಲಿಟ್ಟು ನನ್ನ ಬೆರಳು ಮಡಚಿದರು. ಅವತ್ತಿನಿಂದ ಅದು ನನ್ನ ಮೈಮೇಲಿದೆ. ತೋಟಕ್ಕೆ ಹೋದರೂ, ಮಲಗಿದರೂ.

ಮಾಡಿಸುವವರು ಏಪ್ರಿಲ್‌ನಲ್ಲೇ ಹೇಳಿಬಿಡಿ. ನಮ್ಮದು ಜೂನ್‌ನಲ್ಲಿ ಬಂದದ್ದು, ಮಳೆ ಹಿಡಿದು ಬಣ್ಣ ಪೂರ್ತಿ ಒಣಗಲಿಲ್ಲ, ಒಂದು ಮಗ್ಗುಲಲ್ಲಿ ಇನ್ನೂ ಬೆರಳಿನ ಗುರುತಿದೆ. ಮಖಮಲ್ ಬೇಡ ಅಂತ ಮೊದಲೇ ಹೇಳಿ. ಗೋಡೆ ಎಂಥದ್ದು ಅಂತಲೂ ಹೇಳಿ.